ಸಾಕ್ಷಿ ಹೇಳೋರು ನಾವು, ತಕ್ಕಡಿ ಹಿಡಿದೋರು ಯಾರು?

ಬರಹ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ವಾರಕ್ಕೊಂದಾದರೂ ಇಂಥ ವಿಡಿಯೊ ನನ್ನ ವಾಟ್ಸಾಪಿಗೆ ಬರುತ್ತೆ. ಪಾಸ್ಟರ್ ಒಬ್ಬರು ಹಣೆ ಮೇಲೆ ಕೈ ಇಡ್ತಾರೆ, ವೀಲ್‌ಚೇರಲ್ಲಿ ಕೂತವರು ಎದ್ದು ನಡೀತಾರೆ, ಸಭೆ ‘ಸ್ತೋತ್ರ’ ಅಂತ ಕೂಗುತ್ತೆ. ಕೆಳಗೆ ಎರಡೇ ಥರದ ಕಾಮೆಂಟು. ಒಂದು, ‘ಆಮೆನ್’. ಇನ್ನೊಂದು, ‘ಅಕ್ಕಿ ಮೂಟೆಗೆ ಮಾರಿಕೊಂಡ ದಡ್ಡರು’. ಆಮೇಲೆ ನನ್ನನ್ನು ಟ್ಯಾಗ್ ಮಾಡಿ ಕೇಳ್ತಾರೆ: ‘ಮಡೆಸ್ನಾನ ಅಂದ್ರೆ ಎಗರಿ ಬೀಳ್ತೀರಲ್ಲ, ಇದಕ್ಕೆ ಯಾಕ್ರೀ ಬಾಯಿ ಬಿಡಲ್ಲ?’

ಕೇಳೋರ ಉದ್ದೇಶ ಏನೇ ಇರಲಿ, ಪ್ರಶ್ನೆ ನ್ಯಾಯವಾಗೇ ಇದೆ. ಕ್ರೈಸ್ತರ ಪವಾಡಗಳನ್ನು ನಂಬಬಹುದಾ? ನನ್ನ ಉತ್ತರ ಇಲ್ಲಿದೆ. ಆದರೆ ಅದಕ್ಕೆ ಸ್ವಲ್ಪ ಇತಿಹಾಸ ಓದಬೇಕಾಗುತ್ತೆ.

ಭದ್ರಾವತಿಯ ಪ್ರಾರ್ಥನಾ ಕೂಟಗಳಿಗೆ ಹೋದವರಿಗೆ ಗೊತ್ತಿರುತ್ತೆ, ಅಲ್ಲಿ ‘ಸಾಕ್ಷಿ ಹೇಳೋದು’ ಅಂತ ಒಂದು ಪದ್ಧತಿ ಇದೆ. ಹಾಡು ಮುಗಿದ ಮೇಲೆ ಯಾರಾದರೂ ಎದ್ದು ನಿಂತು, ನನಗೆ ಹೀಗೆ ಕಾಯಿಲೆ ಇತ್ತು, ಪ್ರಾರ್ಥನೆ ಮಾಡಿದ್ವಿ, ಕರ್ತನು ಮುಟ್ಟಿದನು, ಈಗ ಆರಾಮಿದೀನಿ ಅಂತ ಹೇಳ್ತಾರೆ. ನಾನು ಕಂಡಂತೆ ಹೀಗೆ ಹೇಳೋರಲ್ಲಿ ಹೆಚ್ಚಿನವರು ಹೆಂಗಸರು. ಬೀದಿ ಗುಡಿಸೋರು, ಗಾರೆ ಕೆಲಸದವರು, ನಾಲ್ಕು ಮನೆ ಪಾತ್ರೆ ತಿಕ್ಕೋರು. ಅವರಲ್ಲಿ ಎಷ್ಟೋ ಜನ ಜೀವಮಾನದಲ್ಲಿ ಮೊದಲ ಸಲ ಮೈಕ್ ಹಿಡಿದದ್ದೇ ಅಲ್ಲಿ. ಅವರು ಮಾತಾಡುವಾಗ ಇಡೀ ಸಭೆ ಅಲ್ಲಾಡದೆ ಕೇಳುತ್ತೆ.

‘ಸಾಕ್ಷಿ’ ಅನ್ನೋ ಪದ ನಮ್ಮ ಜನಕ್ಕೆ ಇನ್ನೊಂದು ಜಾಗದಲ್ಲೂ ಗೊತ್ತು. ಅದು ಕೋರ್ಟು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಕೇಸು ನಡೀತು, ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ ಆದರು. ಕಣ್ಣಾರೆ ಕಂಡಿದ್ದನ್ನು ಹೇಳೋದಕ್ಕೇ ನಮಗೆ ಆಗೋದಿಲ್ಲ. ಹೇಳಿದರೂ ತೂಕ ಇಲ್ಲ.

ಹಾಗಾಗಿ ‘ಪವಾಡ ನಂಬಬಹುದಾ’ ಅನ್ನೋ ಪ್ರಶ್ನೆ ನಮ್ಮ ಮುಂದೆ ಬಂದಾಗ ಅದರ ಹೊಟ್ಟೆಯೊಳಗೆ ಇನ್ನೊಂದು ಪ್ರಶ್ನೆ ಕೂತಿರುತ್ತೆ. ಯಾರ ಮಾತಿಗೆ ಎಷ್ಟು ತೂಕ? ತೂಕ ಹಾಕೋರು ಯಾರು?

ಈ ಚರ್ಚೆಯಲ್ಲಿ ಎಲ್ಲರೂ ನೆನೆಯೋ ಹೆಸರು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್. 1748ರಲ್ಲಿ ಅವನು ಬರೆದ ವಾದ ಸರಳವಾಗಿ ಹೀಗಿದೆ: ಸತ್ತವನು ಎದ್ದು ಬಂದ ಅಂತ ಒಬ್ಬ ಬಂದು ಹೇಳಿದರೆ ಎರಡು ಸಾಧ್ಯತೆ ತೂಗಿ ನೋಡು. ನಿಜಕ್ಕೂ ಸತ್ತವನು ಎದ್ದು ಬಂದದ್ದು ಒಂದು ಕಡೆ. ಹೇಳಿದವನು ಮೋಸ ಹೋಗಿರೋದು ಅಥವಾ ಮೋಸ ಮಾಡ್ತಿರೋದು ಇನ್ನೊಂದು ಕಡೆ. ಯಾವುದು ಹೆಚ್ಚು ಸಂಭವ? ಅವನ ಮಾತು ಸುಳ್ಳಾಗೋದೇ ಆ ಘಟನೆಗಿಂತ ದೊಡ್ಡ ಪವಾಡ ಅನ್ನೋ ಹಾಗಿದ್ದರೆ ಮಾತ್ರ ನಂಬು.

ತಕ್ಕಡಿ ಸರಿಯಾಗೇ ಇದೆ. ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಆದರೆ ಅದನ್ನು ಹಿಡಿದ ಕೈಯನ್ನೂ ನೋಡಿ. ಪವಾಡದ ಕಥೆಗಳು ಹೆಚ್ಚಾಗಿ ಹುಟ್ಟೋದು ಅಜ್ಞಾನಿ, ಅನಾಗರಿಕ ಜನಾಂಗಗಳಲ್ಲಿ ಅಂತಲೂ ಅದೇ ಬರಹದಲ್ಲಿ ಹೇಳ್ತಾನೆ. ಕಪ್ಪು ಜನ ಹುಟ್ಟಿನಿಂದಲೇ ಬಿಳಿಯರಿಗಿಂತ ಕೀಳಿರಬೇಕು ಅಂತ 1753ರಲ್ಲಿ ತನ್ನ ಇನ್ನೊಂದು ಪ್ರಬಂಧಕ್ಕೆ ಅಡಿಟಿಪ್ಪಣಿ ಸೇರಿಸಿದವನೂ ಇದೇ ಹ್ಯೂಮ್. ಮಾತನ್ನು ತೂಗೋದು ವಿವೇಕ, ಸರಿ. ಮಾತಾಡಿದವನ ಚರ್ಮ ತೂಗೋದಕ್ಕೆ ಏನಂತೀರಿ? ನಮ್ಮೂರಲ್ಲಿ ಅದಕ್ಕೆ ಬೇರೆ ಹೆಸರಿದೆ.

ಈಗ ಸುವಾರ್ತೆಗೇ ಹೋಗಿ. ಕ್ರೈಸ್ತ ನಂಬಿಕೆಯ ಅತಿದೊಡ್ಡ ಪವಾಡ ಯೇಸುವಿನ ಪುನರುತ್ಥಾನ. ಖಾಲಿ ಸಮಾಧಿ ಮೊದಲು ಕಂಡವರು ಹೆಂಗಸರು. ಅವರು ಓಡಿ ಬಂದು ಹೇಳಿದಾಗ ಶಿಷ್ಯರಿಗೆ ಅದು ಬರೀ ಹರಟೆ ಅನ್ನಿಸಿತು, ನಂಬಲಿಲ್ಲ ಅಂತ ಲೂಕನ 24ನೇ ಅಧ್ಯಾಯವೇ ಹೇಳುತ್ತೆ. ಎರಡನೇ ಶತಮಾನದಲ್ಲಿ ಕ್ರೈಸ್ತರ ವಿರುದ್ಧ ಬರೆದ ಸೆಲ್ಸಸ್ ಕೂಡ ಗೇಲಿ ಮಾಡಿದ್ದು ಇದನ್ನೇ: ಇವರ ಸಾಕ್ಷಿ ಒಬ್ಬ ತಲೆಕೆಟ್ಟ ಹೆಂಗಸು ಅಂತ. ಇದರಿಂದ ಪುನರುತ್ಥಾನ ಆಯ್ತು ಅಂತ ಸಾಬೀತಾಗಲ್ಲ, ಆಗಲಿಲ್ಲ ಅಂತಲೂ ಆಗಲ್ಲ. ಯಾರ ಮಾತನ್ನು ಪರೀಕ್ಷೆ ಮಾಡದೇ ಬಿಸಾಕ್ತಾರೆ ಅನ್ನೋದು ಮಾತ್ರ ಗೊತ್ತಾಗುತ್ತೆ.

ಅದೇ ಸುವಾರ್ತೆಯಲ್ಲಿ ಇನ್ನೊಂದು ಜಾಗ ಇದೆ. ಪಾಸ್ಟರುಗಳು ಅದನ್ನು ಬೇಗ ದಾಟಿಬಿಡ್ತಾರೆ. ಮಾರ್ಕನ ಮೊದಲ ಅಧ್ಯಾಯದಲ್ಲಿ ಕುಷ್ಠರೋಗಿ ವಾಸಿಯಾದ ಮೇಲೆ ಯೇಸು ಅವನಿಗೆ, ಊರೆಲ್ಲ ಸಾರಬೇಡ, ಹೋಗಿ ಯಾಜಕನಿಗೆ ಮೈ ತೋರಿಸು, ಅದು ಅವರಿಗೆ ಸಾಕ್ಷಿಯಾಗಲಿ ಅಂತಾನೆ. ಆ ಕಾಲಕ್ಕೆ ಕುಷ್ಠ ಇದೆ, ಇಲ್ಲ ಅಂತ ಪರೀಕ್ಷೆ ಮಾಡಿ ಹೇಳೋ ಅಧಿಕಾರ ಯಾಜಕನದು. ಅಂದರೆ ವಾಸಿ ಮಾಡಿದವನೇ ‘ಹೋಗಿ ಹೊರಗಿನವರ ಹತ್ತಿರ ಪರೀಕ್ಷೆ ಮಾಡಿಸಿಕೋ’ ಅಂದ ಕಥೆ ಇದು. ಪರೀಕ್ಷೆ ಕೇಳಿದರೆ ‘ಅಪನಂಬಿಕೆ’ ಅಂತ ಬೈಯೋ ಪಾಸ್ಟರಿಗೆ ಈ ವಾಕ್ಯ ತೆಗೆದು ತೋರಿಸಿ.

ದೂರದ ಕಾಲ, ದೂರದ ದೇಶದ ಮಾತಾಯ್ತು. ಈಗ ನಮ್ಮ ನದಿಗೆ ಬರೋಣ. ಶಿವಮೊಗ್ಗದ ತುಂಗೆ, ಭದ್ರಾವತಿಯ ಭದ್ರೆ ಎರಡೂ ಹುಟ್ಟೋದು ಗಂಗಾಮೂಲದ ಕಾಡಲ್ಲಿ. ಅದೇ ಕಾಡಲ್ಲಿ 1858ರಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಅವರೇ ಪಂಡಿತಾ ರಮಾಬಾಯಿ. ಕ್ರೈಸ್ತ ಪವಾಡದ ಚರ್ಚೆಗೆ ಇವರಷ್ಟು ಹತ್ತಿರದ ಚರಿತ್ರೆ ನಮ್ಮ ಭಾಗದಲ್ಲಿ ಇನ್ನೊಂದು ಇಲ್ಲ ಅಂತ ನನ್ನ ಅಭಿಪ್ರಾಯ.

ಅಪ್ಪ ಅನಂತಶಾಸ್ತ್ರಿ ಡೋಂಗ್ರೆ ದೊಡ್ಡ ಸಂಸ್ಕೃತ ವಿದ್ವಾಂಸ. ಹೆಂಡತಿಗೂ ಸಂಸ್ಕೃತ ಕಲಿಸಿದರು ಅಂತ ಸಂಪ್ರದಾಯಸ್ಥರ ಕೋಪಕ್ಕೆ ಸಿಕ್ಕವರು. ಕೈಲಿದ್ದದ್ದು ಕರಗಿದ ಮೇಲೆ ಕುಟುಂಬ ತೀರ್ಥಯಾತ್ರೆ ಹೊರಟಿತು. ಪುರಾಣ ಓದೋದು, ನದಿಯಲ್ಲಿ ಮುಳುಗೋದು, ಉಪವಾಸ ಮಾಡೋದು, ಬ್ರಾಹ್ಮಣರಿಗೆ ದಾನ ಕೊಡೋದು. ದೇವರು ಪ್ರತ್ಯಕ್ಷನಾಗಿ ಕೈ ಹಿಡೀತಾನೆ ಅನ್ನೋ ನಂಬಿಕೆ. 1870ರ ದಶಕದ ಬರಗಾಲ ಬಂತು, ದೇವರು ಬರಲಿಲ್ಲ. ಅಪ್ಪ ಸತ್ತರು, ಅಮ್ಮ ಸತ್ತರು, ಆಮೇಲೆ ಅಕ್ಕನೂ ಸತ್ತಳು. ಭಿಕ್ಷೆ ಬೇಡೋಕೆ, ಕೂಲಿ ಮಾಡೋಕೆ ನಮಗೆ ಜಾತಿಯ ಹಮ್ಮು ಅಡ್ಡ ಬಂತು ಅಂತ ರಮಾಬಾಯಿ ಆಮೇಲೆ ತಾವೇ ಬರೆದರು. ನಮ್ಮ ಅಜ್ಜ-ಅಜ್ಜಿಯರಿಗೆ ಪವಾಡಕ್ಕೆ ಕಾಯೋ ಸವಲತ್ತೂ ಇರಲಿಲ್ಲ. ಬರ ಬಂದಾಗ ಅವರು ಜಲ್ಲಿ ಒಡೆಯೋಕೆ ಹೋದರು.

ಹಾಗಾಗಿ ರಮಾಬಾಯಿ 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನ ತಗೊಂಡಾಗ, ಹೇಳಿದ್ದಕ್ಕೆಲ್ಲ ತಲೆ ಆಡಿಸಲಿಲ್ಲ. ತ್ರಯೇಕತ್ವದಂಥ ಸಿದ್ಧಾಂತಗಳ ಮೇಲೆ ಸನ್ಯಾಸಿನಿಯರ ಜೊತೆ ಪತ್ರದಲ್ಲೇ ಜಗಳ ಆಡಿದರು. ಪುರೋಹಿತರ ಮಾತು ಕಣ್ಣುಮುಚ್ಚಿ ಕೇಳಿದ್ದಕ್ಕೆ ಏನಾಯ್ತು ಅನ್ನೋದನ್ನ ತಮ್ಮ ಮನೆಯಲ್ಲೇ ಕಂಡಿದ್ದ ಹೆಂಗಸು ಅವರು. 1907ರಲ್ಲಿ ತಮ್ಮ ಜೀವನದ ಕಥೆ ಬರೆದಾಗ ಅವರು ಕರೆದದ್ದು ಅದನ್ನು ‘ಸಾಕ್ಷಿ’ ಅಂತಲೇ.

ಪುಣೆ ಹತ್ತಿರದ ಕೇಡಗಾವಿನಲ್ಲಿ ಅವರ ಮುಕ್ತಿ ಸದನ ಇತ್ತು. ಬರಗಾಲದಿಂದ ಉಳಿಸಿ ತಂದ ವಿಧವೆಯರು, ಅನಾಥ ಹುಡುಗಿಯರು ನೂರಾರು ಜನ ಅಲ್ಲಿದ್ದರು. 1905ರ ಜೂನ್ ಕೊನೆಯಲ್ಲಿ, ನಡುರಾತ್ರಿ ಕಳೆದ ಮೇಲೆ, ಹುಡುಗಿಯರು ಮಲಗೋ ಕೋಣೆಯಲ್ಲಿ ಒಂದು ಘಟನೆ ಆಯ್ತು. ಪ್ರಾರ್ಥನೆ ಮಾಡ್ತಿದ್ದ ಒಬ್ಬ ಹುಡುಗಿಯ ಮೈಮೇಲೆ ಬೆಂಕಿ ಉರಿಯುತ್ತಿರೋದನ್ನು ಇನ್ನೊಬ್ಬಳು ಕಂಡಳು. ಓಡಿಹೋಗಿ ಬಕೆಟ್ಟಲ್ಲಿ ನೀರು ತಂದಳು. ಸುರಿಯೋಕೆ ಹೊರಟಾಗ ನೋಡಿದರೆ, ಮೈ ಸುಡ್ತಾ ಇಲ್ಲ. ಅಲ್ಲಿ ಕೆಲಸ ಮಾಡ್ತಿದ್ದ ಮಿನ್ನಿ ಅಬ್ರಾಮ್ಸ್ ಇದನ್ನು ಬರೆದು 1906ರಲ್ಲಿ ಪ್ರಕಟಿಸಿದರು. ಅದನ್ನು ಓದಿ ದೂರದ ಚಿಲಿ ದೇಶದಲ್ಲೂ ಪೆಂಟೆಕೋಸ್ಟ್ ಚಳವಳಿಗೆ ಕಿಡಿ ಹತ್ತಿತು. 1906ರಲ್ಲೇ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ ಅಂಥದೇ ಸಭೆ ಶುರುವಾಯ್ತು. ನಡೆಸಿದವರು ವಿಲಿಯಂ ಸೀಮೋರ್, ಗುಲಾಮಗಿರಿಯಿಂದ ಬಿಡುಗಡೆಯಾದವರ ಮಗ. ಊರಿನ ದೊಡ್ಡ ಪತ್ರಿಕೆ ಗೇಲಿ ಮಾಡಿ ಬರೆಯಿತು. ಇವತ್ತು ನಮ್ಮ ಓಣಿಗಳಲ್ಲಿ ಶೀಟಿನ ಮಾಡಿನ ಕೆಳಗೆ ನಡೆಯೋ ಸಭೆಗಳು ಈ ಹೊಳೆಯ ಕಾಲುವೆಗಳು.

ಮುಕ್ತಿ ಸದನದ ಬೆಂಕಿ ನಿಜವಾ? ಆ ಹುಡುಗಿ ಸುಳ್ಳು ಹೇಳಿದಳು ಅಂತ ನಾನು ಹೇಳಲ್ಲ. ಹಗಲೂರಾತ್ರಿ ಪ್ರಾರ್ಥನೆ, ಸಾವನ್ನು ಹತ್ತಿರದಿಂದ ಕಂಡ ಮಕ್ಕಳು, ಅರ್ಧರಾತ್ರಿ, ಕತ್ತಲು. ಕಣ್ಣು ಏನು ಬೇಕಾದರೂ ಕಾಣಬಹುದು. ಹ್ಯೂಮನ ತಕ್ಕಡಿಯಲ್ಲಿ ಇಟ್ಟರೆ ನಾನು ಬೆಂಕಿ ಇರಲಿಲ್ಲ ಅನ್ನೋ ಕಡೆಗೇ. ಆದರೆ ಆ ಹುಡುಗಿ ಮಾಡಿದ್ದು ನೋಡಿ. ಬೆಂಕಿ ಕಂಡಾಗ ಮೊಣಕಾಲೂರಲಿಲ್ಲ. ನೀರು ತರೋಕೆ ಓಡಿದಳು. ಪರೀಕ್ಷೆಯೂ ಆಯ್ತು, ಗೆಳತಿಯ ಜೀವದ ಚಿಂತೆಯೂ ಆಯ್ತು. ಪವಾಡ ಹೌದೋ ಅಲ್ಲವೋ ಅಂತ ವಾದ ಮಾಡೋ ನಮ್ಮೆಲ್ಲರಿಗಿಂತ ಆ ಹುಡುಗಿ ಬುದ್ಧಿವಂತೆ.

ಇನ್ನೂ ನೂರು ವರ್ಷ ಹಿಂದೆ ಹೋದರೆ ಅಬ್ಬೆ ದುಬಾಯ್ ಸಿಗ್ತಾನೆ. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ. ಹಾಸನದ ಸಾತಳ್ಳಿ ಕಡೆ ಅವನನ್ನು ದೊಡ್ಡಸ್ವಾಮಿ ಅಂತ ಕರೀತಿದ್ದರು. ಕಾವಿ ಉಟ್ಟ, ಮಾಂಸ ಬಿಟ್ಟ, ಮೇಲ್ಜಾತಿಯವರ ಮನಸ್ಸು ಗೆಲ್ಲೋಕೆ ನೋಡಿದ. ಆದರೆ ಅವನು ಮಾಡಿದ ಒಂದು ಕೆಲಸಕ್ಕೆ ಲೆಕ್ಕ ಇದೆ. ಸಿಡುಬು ಅಂದ್ರೆ ಮಾರಿಯಮ್ಮನ ಮುನಿಸು ಅನ್ನೋ ಕಾಲದಲ್ಲಿ, 1803-04ರಲ್ಲಿ, ಮೈಸೂರು ಸೀಮೆಯಲ್ಲಿ ಅವನ ಕಡೆಯಿಂದ ದಾಖಲಾದ ಲಸಿಕೆ 25,432 ಜನಕ್ಕೆ. ಇದಕ್ಕೆ ದೆವ್ವ ಬಿಡಿಸಬೇಕಾಗಿರಲಿಲ್ಲ, ತೈಲ ಹಚ್ಚಬೇಕಾಗಿರಲಿಲ್ಲ. ಮನೆಮನೆಗೆ ಹೋಗಿ ತೋಳು ಹಿಡಿದು ಚುಚ್ಚಿದ್ದು ಅಷ್ಟೇ.

ಅದೇ ದುಬಾಯ್ 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ, ಮನುಷ್ಯ ಪ್ರಯತ್ನದಿಂದ ಹಿಂದೂಗಳ ಮತಾಂತರ ಅಸಾಧ್ಯ ಅಂದುಬಿಟ್ಟ. ಇಷ್ಟು ವರ್ಷದಲ್ಲಿ ಇನ್ನೂರು-ಮುನ್ನೂರು ಜನ ಸೇರಿದರು, ಅದರಲ್ಲಿ ಮೂರರಲ್ಲಿ ಎರಡು ಪಾಲು ಪರೆಯರು ಇಲ್ಲವೇ ಭಿಕ್ಷುಕರು ಅಂತ ನಿರಾಶೆಯ ಲೆಕ್ಕ ಕೊಟ್ಟ. ಗಮನಿಸಿ, ನಮ್ಮವರು ಬಂದದ್ದು ಅವನ ಪಾಲಿಗೆ ಸೋಲು. ನಮ್ಮ ನಂಬಿಕೆಗೆ ಚರ್ಚಿನೊಳಗೂ ತೂಕ ಇರಲಿಲ್ಲ. ಚರ್ಚಿನೊಳಗೆ ಜಾತಿ ಹೊಕ್ಕಿದ್ದನ್ನು ಬಾಬಾಸಾಹೇಬರು ಮತಾಂತರಿತರ ಸ್ಥಿತಿ ಬಗ್ಗೆ ಬರೆದ ಪ್ರಬಂಧದಲ್ಲಿ ನಿಷ್ಠುರವಾಗಿ ಹೇಳಿದಾರೆ, ತೆಗೆದು ಓದಿ.

ಪವಾಡದ ವಿಷಯದಲ್ಲಿ ಚರ್ಚಿಗೂ ತನ್ನದೇ ಜರಡಿ ಇದೆ ಅನ್ನೋದನ್ನ ಹೇಳಲೇಬೇಕು. ಫ್ರಾನ್ಸಿನ ಲೂರ್ದಿನಲ್ಲಿ 1883ರಿಂದ ವೈದ್ಯರ ಕಚೇರಿ ಇದೆ. ಅಲ್ಲಿಗೆ ಬಂದ ಸಾವಿರಾರು ಅರ್ಜಿಗಳಲ್ಲಿ ಪವಾಡ ಅಂತ ಚರ್ಚು ಒಪ್ಪಿದ್ದು ಇವತ್ತಿನವರೆಗೆ 70ರ ಆಸುಪಾಸು. ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲೇ ಹತ್ತು ಪವಾಡ ಮುಗಿಸೋರು ಇದನ್ನು ಯೋಚಿಸಬೇಕು.

ಆದರೆ ಆ ಜರಡಿಗೂ ತೂತಿದೆ. ಮದರ್ ತೆರೇಸಾರನ್ನು 2003ರಲ್ಲಿ ಸಂತ ಪದವಿಯ ಹಿಂದಿನ ಮೆಟ್ಟಿಲಿಗೆ ಏರಿಸಿದಾಗ ಆಧಾರವಾಗಿ ತೋರಿಸಿದ್ದು ಪಶ್ಚಿಮ ಬಂಗಾಳದ ಆದಿವಾಸಿ ಹೆಂಗಸು ಮೋನಿಕಾ ಬೆಸ್ರಾ ಅವರ ಹೊಟ್ಟೆಯ ಗಡ್ಡೆ. 1998ರಲ್ಲಿ ತೆರೇಸಾರ ಪದಕ ಇಟ್ಟ ಮೇಲೆ ಕರಗಿತು ಅಂತ ಅವರ ಸಾಕ್ಷಿ. ಬಾಲುರ್‌ಘಾಟ್ ಸರ್ಕಾರಿ ಆಸ್ಪತ್ರೆಯ ಕಡೆಯ ವೈದ್ಯರು, ಅದು ಕ್ಷಯದ ಗಡ್ಡೆ, ತಿಂಗಳುಗಟ್ಟಲೆ ಕೊಟ್ಟ ಔಷಧಿಯಿಂದ ಕರಗಿತು ಅಂದರು. ನನಗೆ ವೈದ್ಯರ ಮಾತೇ ಸರಿ ಅನ್ನಿಸುತ್ತೆ. ಆದರೆ ಆ ಜಗಳದಲ್ಲಿ ಒಂದು ಕಡೆಯವರಿಗೆ ಆಕೆ ಸಂತಪದವಿಯ ಕಡತದ ಪುಟ, ಇನ್ನೊಂದು ಕಡೆಯವರಿಗೆ ನಗೆಪಾಟಲಿನ ವಸ್ತು. ಒಬ್ಬ ಸಂತಾಲ ಹೆಂಗಸು ಕ್ಷಯ ಬಂದು ಹೊಟ್ಟೆ ಊದಿಸಿಕೊಂಡು ಅಷ್ಟು ದಿನ ಯಾಕೆ ನರಳಬೇಕಾಯ್ತು? ಇದನ್ನು ಎರಡೂ ಕಡೆಯವರು ಎಷ್ಟು ಕೇಳಿದರು?

ನಾವು ವಿಚಾರವಾದಿಗಳ ಮಕ್ಕಳು, ಅದನ್ನೂ ಮರೆಯಬಾರದು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯ ಪವಾಡಗಳ ತನಿಖೆಗೆ ಸಮಿತಿ ಮಾಡಿದರು. ಬೂದಿ, ಉಂಗುರ ಸೃಷ್ಟಿ ಮಾಡೋ ಸಾಯಿಬಾಬಾಗೆ, ತೋಳಲ್ಲಿ ಬಚ್ಚಿಡೋಕೆ ಆಗದ ಒಂದು ಕುಂಬಳಕಾಯಿ ಸೃಷ್ಟಿ ಮಾಡಲಿ ಅಂತ ಸವಾಲು ಹಾಕಿದರು. ಪವಾಡ ತೋರಿಸಿದವರಿಗೆ ಲಕ್ಷ ರೂಪಾಯಿ ಸವಾಲು ಇಟ್ಟ ಅಬ್ರಹಾಂ ಕೋವೂರ್ ಕೇರಳದ ಕ್ರೈಸ್ತ ಪಾದ್ರಿಯ ಮಗ. 2012ರಲ್ಲಿ ಮುಂಬೈ ಚರ್ಚೊಂದರ ಶಿಲುಬೆಯಿಂದ ನೀರು ತೊಟ್ಟಿಕ್ಕೋದು ಕಟ್ಟಿಕೊಂಡ ಚರಂಡಿಯ ನೀರು ಅಂತ ತೋರಿಸಿದ ಸನಲ್ ಎಡಮರುಕು ಮೇಲೆ ಕೇಸು ಬಿತ್ತು, ದೇಶ ಬಿಡಬೇಕಾಯ್ತು. ಆ ಕೇಸಿಗೆ ಕಾರಣರಾದ ಕ್ರೈಸ್ತ ಸಂಘಟನೆಗಳವರು ಮಾಡಿದ್ದು ತಪ್ಪು ಅಂತ ಹೇಳೋಕೆ ನನಗೆ ಯಾವ ಹಿಂಜರಿಕೆಯೂ ಇಲ್ಲ.

ನಮ್ಮ ಜಿಲ್ಲೆಯ ಪಾಠ ಚಂದ್ರಗುತ್ತಿ. 1970ರ ದಶಕದಲ್ಲಿ ಭದ್ರಾವತಿಯಲ್ಲಿ ಕಾಲೇಜು ಮೇಷ್ಟ್ರಾಗಿದ್ದ ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರು 1986ರ ಮಾರ್ಚಲ್ಲಿ ಸೊರಬ ತಾಲೂಕಿನ ಚಂದ್ರಗುತ್ತಿಗೆ ಬೆತ್ತಲೆ ಸೇವೆ ತಡೆಯೋಕೆ ಹೋದರು. ಗುಂಪು ಅವರನ್ನೂ ಪೊಲೀಸರನ್ನೂ ಬಡಿದು ಬೆತ್ತಲೆ ಮಾಡಿತು. ಅಲ್ಲಿ ಹರಕೆ ಹೊತ್ತ ಹೆಂಗಸರೂ ‘ಅಮ್ಮ ವಾಸಿ ಮಾಡಿದಳು’ ಅಂತ ಸಾಕ್ಷಿ ಹೇಳ್ತಿದ್ದವರೇ, ನಮ್ಮ ಜನವೇ. ನಾವು ಅವರನ್ನು ದಡ್ಡರು ಅನ್ನಲಿಲ್ಲ. ಅವರ ಮಾನ ಕಾಯೋಕೆ ಹೋಗಿ ಪೆಟ್ಟು ತಿಂದೆವು. ಅದೇ ಅಳತೆ ಪ್ರಾರ್ಥನಾ ಕೂಟಕ್ಕೂ.

ಈಗ ‘ಅಕ್ಕಿ ಮೂಟೆ’ ಅಂತ ಬರೆಯೋರಿಗೆ ಒಂದು ಮಾತು. 2022ರ ಕರ್ನಾಟಕದ ಮತಾಂತರ ಕಾಯ್ದೆ ನೋಡಿ. ಸಾಮಾನ್ಯರ ವಿಷಯದಲ್ಲಿ ಶಿಕ್ಷೆ ಮೂರರಿಂದ ಐದು ವರ್ಷ. ಅಪ್ರಾಪ್ತರು, ಬುದ್ಧಿ ಸ್ವಾಧೀನ ಇಲ್ಲದವರು, ಹೆಂಗಸರು, ಪರಿಶಿಷ್ಟ ಜಾತಿ-ಪಂಗಡದವರು ಆದರೆ ಮೂರರಿಂದ ಹತ್ತು ವರ್ಷ. ಈ ನಾಲ್ಕು ಥರದವರು ಒಂದೇ ಸಾಲಲ್ಲಿ ಇದಾರೆ! ಮಗು, ಬುದ್ಧಿಭ್ರಮಣೆ ಆದವರು, ಹೆಣ್ಣು, ದಲಿತ. ಸ್ವಂತ ಬುದ್ಧಿಯಿಂದ ತೀರ್ಮಾನ ಮಾಡೋಕೆ ಆಗದವರ ಪಟ್ಟಿ ಇದು. 2023ರಲ್ಲಿ ಸಚಿವ ಸಂಪುಟ ಈ ಕಾಯ್ದೆ ವಾಪಸ್ ಪಡೆಯೋ ತೀರ್ಮಾನ ಮಾಡಿತು, ಆದರೆ ಅದನ್ನು ಬರೆದ ಮನಸ್ಸು ಎಲ್ಲೂ ಹೋಗಿಲ್ಲ. ಇನ್ನೊಂದು ಕಡೆ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ದಲಿತ ಕ್ರೈಸ್ತನಾದರೆ ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗೆ. ಅಂದರೆ ದೀಕ್ಷಾಸ್ನಾನದ ನೀರು ಮೈಗೆ ಬಿದ್ದ ಕೂಡಲೇ ಅಸ್ಪೃಶ್ಯತೆ ತೊಳೆದುಹೋಗುತ್ತೆ ಅಂತ ಭಾರತ ಸರ್ಕಾರ ನಂಬಿದೆ. ಯಾವ ಪಾಸ್ಟರೂ ಇಷ್ಟು ದೊಡ್ಡ ಪವಾಡ ಸಾರಿಲ್ಲ.

ಹಾಗಾದರೆ ನನ್ನ ಉತ್ತರ ಏನು? ಪ್ರಕೃತಿ ನಿಯಮ ಮುರಿದ ಪವಾಡ ನಡೆದಿದೆ ಅಂತ ನಾನು ನಂಬಲ್ಲ, ಯಾವ ಧರ್ಮದ್ದೂ ನಂಬಲ್ಲ. ಆದರೆ ‘ನನಗೆ ಆರಾಮಾಯ್ತು’ ಅನ್ನೋ ನಮ್ಮ ಅಕ್ಕನ ಮಾತನ್ನು ಸುಳ್ಳು ಅಂತ ಬಿಸಾಕಲ್ಲ. ಆ ಮಾತಿನ ಎರಡು ಭಾಗ ಬೇರೆ ಮಾಡ್ತೀನಿ. ಆರಾಮಾಯ್ತು ಅನ್ನೋದು ಆಕೆಯ ಅನುಭವ. ಯಾವುದರಿಂದ ಆಯ್ತು ಅನ್ನೋದು ಪರೀಕ್ಷೆಯ ವಿಷಯ. ಎಷ್ಟೋ ಕಾಯಿಲೆ ತಾನಾಗೇ ಇಳಿಯುತ್ತೆ. ಕೆಲವು ನೋವು ನಾಲ್ಕು ಜನ ಜೊತೆಗೆ ಕೂತು ಕೈ ಹಿಡಿದರೆ ತಡೆಯೋ ಹಾಗಾಗುತ್ತೆ. ಇನ್ನು ಕೆಲವು, ಆಕೆ ತಿಂಗಳುಗಟ್ಟಲೆ ನುಂಗಿದ ಮಾತ್ರೆಯಿಂದ ವಾಸಿಯಾಗಿರುತ್ತೆ.

ಇಲ್ಲೇ ನನ್ನ ತಕರಾರು ಇರೋದು. ಮೆಗ್ಗಾನ್ ಆಸ್ಪತ್ರೆಯಲ್ಲಿ ಬೆಳಗಿನ ಜಾವಕ್ಕೇ ಬಂದು ಚೀಟಿ ಮಾಡಿಸಿದ ಮಗಳು, ರಾತ್ರಿ ಪಾಳಿಯ ನರ್ಸಮ್ಮ, ವಾರ್ಡು ತೊಳೆದ ಗುತ್ತಿಗೆ ಕಾರ್ಮಿಕಳು, ಮನೆಗೆ ಮಾತ್ರೆ ತಂದುಕೊಟ್ಟ ಆಶಾ ಕಾರ್ಯಕರ್ತೆ. ಇವರೆಲ್ಲರ ದುಡಿಮೆ ‘ಅದ್ಭುತ ಆಯ್ತು’ ಅನ್ನೋ ಒಂದು ಮಾತಲ್ಲಿ ಮಾಯ ಆಗಿಬಿಡುತ್ತೆ. ನಮ್ಮ ದುಡಿಮೆ ಮಾಯ ಮಾಡಿ ಹೆಸರು ಮೇಲಿನವನಿಗೆ ಕೊಡೋದು ಜಾತಿ ವ್ಯವಸ್ಥೆಯ ಹಳೇ ಚಾಳಿ. ಅದನ್ನ ನಾವೇ ಮೈಕ್ ಹಿಡಿದು ಮಾಡಬೇಕಾ?

ಭದ್ರಾವತಿ ನೋಡಿ. 1923ರಲ್ಲಿ ಕಬ್ಬಿಣ ಕರಗಿಸೋಕೆ ಶುರು ಮಾಡಿದ ಊರು. 1936ರಲ್ಲಿ ಕಾಗದದ ಕಾರ್ಖಾನೆ. ಕೆಲಸಕ್ಕೆ ಅಂತ ತಮಿಳುನಾಡಿನಿಂದ, ಆಂಧ್ರದಿಂದ, ಬಯಲುಸೀಮೆಯಿಂದ ನಮ್ಮವರು ಬಂದರು, ಕೆಲವರು ಚರ್ಚನ್ನೂ ಜೊತೆಗೆ ತಂದರು. ಈಗ ಎಂಪಿಎಂ ನಿಂತಿದೆ. ವಿಐಎಸ್‌ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂದಾಗ ಊರೇ ಬೀದಿಗೆ ಇಳಿಯಿತು. ಕಾಯಂ ಕೆಲಸ ಇದ್ದಾಗ ಕಾಯಿಲೆ ಬಿದ್ದರೆ ಕಾರ್ಖಾನೆ ಆಸ್ಪತ್ರೆ ಇತ್ತು. ಗುತ್ತಿಗೆಯವನು ಎಲ್ಲಿಗೆ ಹೋಗಬೇಕು? ಮಾರ್ಕನ ಸುವಾರ್ತೆಯಲ್ಲಿ ಹನ್ನೆರಡು ವರ್ಷ ರಕ್ತಸ್ರಾವ ಇದ್ದ ಹೆಂಗಸು, ಇದ್ದದ್ದೆಲ್ಲ ವೈದ್ಯರಿಗೆ ಸುರಿದು ಬರಿಗೈ ಆದ ಮೇಲೆ ಯೇಸುವಿನ ಬಟ್ಟೆಯ ಅಂಚು ಮುಟ್ಟಿದಳು. ಸ್ಕ್ಯಾನಿಂಗಿಗೆ ಒಡವೆ ಅಡ ಇಟ್ಟವರಿಗೆ ಆ ಹೆಂಗಸು ಯಾರು ಅಂತ ವಿವರಿಸಬೇಕಾಗಿಲ್ಲ.

ಕೂಟಕ್ಕೆ ಹೋಗೋ ನಮ್ಮ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ಇಷ್ಟೇ ಕೇಳಿಕೊಳ್ಳೋದು:

1. ಮಾತ್ರೆ ಬಿಡಿ ಅಂತ ಯಾರೇ ಹೇಳಿದರೂ ಎದ್ದು ಬನ್ನಿ. ಬಿಪಿ, ಸಕ್ಕರೆ, ಫಿಟ್ಸು, ಟಿಬಿ, ಎಚ್‌ಐವಿ ಮಾತ್ರೆ ಒಂದು ದಿನವೂ ತಪ್ಪಿಸಬೇಡಿ. ಟಿಬಿ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ ಸಿಗುತ್ತೆ. ಮಧ್ಯದಲ್ಲಿ ಬಿಟ್ಟರೆ ಕಾಯಿಲೆ ಆ ಔಷಧಿಗೆ ಬಗ್ಗಲ್ಲ.

2. ಹಾವು, ನಾಯಿ ಕಚ್ಚಿದರೆ ಮೊದಲು ಆಸ್ಪತ್ರೆ. ಚಿಕಿತ್ಸೆ ತಡೆದು ಮಂತ್ರ ಹಾಕೋದು 2017ರ ಮೌಢ್ಯ ನಿಷೇಧ ಕಾಯ್ದೆ ಪ್ರಕಾರ ಅಪರಾಧ. ಮಂತ್ರ ಯಾವ ಭಾಷೆಯದು ಅಂತ ಕಾನೂನು ಕೇಳಲ್ಲ.

3. ಸಾಕ್ಷಿ ಹೇಳೋ ಮುಂಚೆ ಆಸ್ಪತ್ರೆ ಚೀಟಿ ತೋರಿಸಿ: ಏನು ಕಾಯಿಲೆ ಅಂತ ಬರೆದಿದ್ದರು, ಏನು ಕೊಟ್ಟರು, ಈಗ ಪರೀಕ್ಷೆಯಲ್ಲಿ ಏನು ಬಂತು. ಯಾಜಕನಿಗೆ ತೋರಿಸು ಅಂದ ಕಥೆ ನಿಮ್ಮ ಬೈಬಲ್ಲಲ್ಲೇ ಇದೆ.

4. ನಿಮ್ಮ ಮುಖ ವಿಡಿಯೊ ಮಾಡೋಕೆ ಒಪ್ಪಬೇಡಿ. ಆ ವಿಡಿಯೊದಿಂದ ದುಡ್ಡು ಮಾಡೋರು ಬೇರೆ, ಬೈಸಿಕೊಳ್ಳೋರು ನೀವು.

ನಮ್ಮ ಸಂಘಟನೆಯ ಹುಡುಗರಿಗೂ ಒಂದು ಮಾತು. ಅಂಥ ವಿಡಿಯೊಗೆ ನಗೋ ಇಮೋಜಿ ಹಾಕೋ ಬದಲು ಅದರಲ್ಲಿರೋ ಹೆಂಗಸು ಯಾವ ಓಣಿಯವರು ಅಂತ ವಿಚಾರಿಸಿ. ಮನೆಗೆ ಹೋಗಿ. ಚಾ ಕುಡೀರಿ. ಮಾತ್ರೆ ತಗೋತಿದಾರಾ, ರೇಷನ್ ಕಾರ್ಡ್ ಇದೆಯಾ, ಆಯುಷ್ಮಾನ್ ಕಾರ್ಡ್ ಆಗಿದೆಯಾ ಕೇಳಿ. ಬೈಬಲ್ ಬಗ್ಗೆ ವಾದ ಆಮೇಲೆ ಮಾಡೋಣ, ಬೇಕಾದಷ್ಟು ಟೈಮ್ ಇದೆ. ಮುಕ್ತಿ ಸದನದ ಆ ಹುಡುಗಿ ಹಾಗೆ, ಮೊದಲು ನೀರು ತಗೊಂಡು ಓಡಿ.

ಒಪ್ಪದವರು ಕಾಮೆಂಟಲ್ಲಿ ಬರೀರಿ, ಉತ್ತರ ಕೊಡ್ತೀನಿ. ಜನರನ್ನು ಬೈದರೆ ಮಾತ್ರ ಡಿಲೀಟ್ ಮಾಡ್ತೀನ��.

ಜೈಭೀಮ್.